ಬೆಸುಗೆ ಹಾಕಿದ ಕಿಟಕಿಗಳು

ಕೆಲವರಿಗೆ ಮಲ್ಲಿಗೆಯ ಪರಿಮಳ ಬಂದರೆ ಗಂಡನ ನೆನಪಾಗುತ್ತದಂತೆ. ನನಗೆ ಪೈಂಟಿಗೆ ಬೆರೆಸುವ ಥಿನ್ನರ್ ವಾಸನೆ ಬಂದರೆ ಆಗುತ್ತದೆ. ಗಲ್ಫಿನ ಸತ್ವಾ ಬಡಾವಣೆಯ ಈ ಹೊಸ ಕಾಫಿ ಅಂಗಡಿಯಲ್ಲಿ ಪಕ್ಕದ ಮೇಜಿನ ಹುಡುಗಿ ಉಗುರಿನ ಬಣ್ಣದ ಸೀಸೆ ತೆರೆದಳು ನೋಡಿ, ಗಂಡ ಎದುರಿಗೇ ಕೂತಿದ್ದರೂ ನಾನು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ದೂರವೇನೂ ಹೋಗಬೇಕಿರಲಿಲ್ಲ, ಇದೇ ಕಟ್ಟಡ. ಈಗ ಅದರ ಚರಿತ್ರೆಯನ್ನು ಬರೆದು ತೂಗುಹಾಕಿದ್ದಾರೆ. ಮೊದಮೊದಲ ಕಾರು ಕಾರ್ಖಾನೆ ಕಟ್ಟಿದವರು ಗೋಡೆಯನ್ನೇ ಕೈಬಿಟ್ಟು, ಕಾಂಕ್ರೀಟ್ ಕಂಬಗಳ ನಡುವೆ ಬರೀ ಗಾಜಿನ ಕಿಟಕಿ ಇಟ್ಟರಂತೆ. ದುಡಿಯುವವರಿಗೆ ಬೆಳಕು ಬೇಕು, ಗಾಳಿ ಬೇಕು ಎಂದು. ಅಂಥದೊಂದರ ಪಟ ನೋಡಿ ಇಲ್ಲಿನ ವ್ಯಾಪಾರಿಯೊಬ್ಬರು ಇದನ್ನು ಎಬ್ಬಿಸಿದರು. ಗರಗಸದ ಹಲ್ಲಿನಂಥ ಮಾಡು, ಪ್ರತಿ ಹಲ್ಲಿಗೂ ಉತ್ತರಕ್ಕೆ ಮುಖ ಮಾಡಿದ ಗಾಜು, ಮೊಣಕಾಲೆತ್ತರದಿಂದ ಮೇಲಿನವರೆಗೂ ಕಬ್ಬಿಣದ ಚೌಕಟ್ಟಿನ ಕಿಟಕಿಗಳು. ಬಿಡಿಭಾಗ ತರಿಸಿ ಇಲ್ಲೇ ಕಾರು ಜೋಡಿಸುವ ಆಸೆ ಅವರದು. ಒಂದು ಕಾರೂ ಹುಟ್ಟಲಿಲ್ಲ. ಬೇರೆಲ್ಲೋ ಹುಟ್ಟಿ ಈ ಊರಿನಲ್ಲಿ ಗುದ್ದಿಸಿಕೊಂಡವು ರಿಪೇರಿಗೆ ಬಂದವು.

ಆಗ ಇವರು, ನನ್ನ ಗಂಡ, ಇಲ್ಲಿ ಪೈಂಟರ್. ನಾನು ಅಲ್ ಐನ್‌ನ ಆಸ್ಪತ್ರೆಯಲ್ಲಿ ನರ್ಸ್. ಒಂದೇ ದೇಶದಲ್ಲಿದ್ದೂ, ಆಗ ವಾರದ ರಜೆಯಾಗಿದ್ದ ಶುಕ್ರವಾರಕ್ಕೆ ಮಾತ್ರ ಗಂಡ ಹೆಂಡತಿ. ಬಸ್ಸಿಳಿದು, ಇಗರ್ಜಿಯಲ್ಲಿ ಪೂಜೆ ಮುಗಿಸಿ ಗ್ಯಾರೇಜಿಗೆ ಬಂದರೆ, ರಜೆಯ ದಿನವೂ ಇವರು ಯಾವುದೋ ಕಾರಿನ ಬಾಗಿಲು ಸವರುತ್ತ ನಿಂತಿರುತ್ತಿದ್ದರು. ಅಷ್ಟು ಮುತುವರ್ಜಿಯಿಂದ ನನ್ನ ಕೆನ್ನೆ ಸವರಿದ್ದು ನೆನಪಿಲ್ಲ. ಇದು ದೂರು ಅಲ್ಲ, ಇದ್ದ ವಿಷಯ ಹೇಳಿದೆ.

ಹಸಿ ಬಣ್ಣಕ್ಕೆ ಮರಳೇ ಶತ್ರು. ಗಾಳಿ ಬಂದರೆ ಅದರ ಬೆನ್ನಿಗೇ ಮರಳೂ ಬರುತ್ತದೆ. ಬಾನೆಟ್ ಮೇಲೆ ಒಂದು ಕಣ ಕೂತರೆ ಇವರಿಗೆ ಊಟ ಸೇರುತ್ತಿರಲಿಲ್ಲ. ಕಿಟಕಿಗಳಿಗೆ ಪೇಪರು ಅಂಟಿಸಿದರು, ಟೇಪು ಹಾಕಿದರು, ಯಾವುದೂ ನಿಲ್ಲಲಿಲ್ಲ. ಕೊನೆಗೆ ಗ್ಯಾರೇಜಿನ ಯಜಮಾನರ ಒಪ್ಪಿಗೆ ಪಡೆದು, ವೆಲ್ಡರ್ ಹಮೀದ್ ಬ್ಯಾರಿಯವರನ್ನು ಕರೆದು, ಎಲ್ಲವಕ್ಕೂ ಬೆಸುಗೆ ಹಾಕಿ ಎಂದರು. ಅವತ್ತು ನಾನೂ ಅಲ್ಲಿದ್ದೆ.

"ಗಾಳಿಯ ದಾರಿ ಮುಚ್ಚುದು ಬೇಡ ಪೊರ್ಬುಗಳೇ," ಎಂದರು ಹಮೀದ್ ಬ್ಯಾರಿ, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ. "ಒಳಗೆ ಇರುದು ನೀವು."

ಇವರು ನಕ್ಕರು. "ನಾನು ಹೇಗಾದ್ರೂ ಉಸಿರಾಡ್ತೇನೆ. ಬಣ್ಣ ಹಾಳಾಗ್ಬಾರ್ದು."

ಹೊಗೆ ಎಳೆಯುವ ಫ್ಯಾನು ಹಾಕಿಸುತ್ತೇನೆ ಎಂದಿದ್ದ ಯಜಮಾನರು ಬುಕ್ರಾ, ಬುಕ್ರಾ ಎನ್ನುತ್ತಲೇ ಇದ್ದರು. ಅರಬರ ನಾಳೆಯೂ ನಮ್ಮ ನಾಳೆಯ ಹಾಗೇ, ಬರುವುದಿಲ್ಲ. ನಾನು ಮಾಸ್ಕ್ ತಂದುಕೊಟ್ಟೆ. ಅದು ಮೊಳೆಗೆ ತೂಗುತ್ತ ಬಣ್ಣ ಬಣ್ಣವಾಯಿತು. ಇವರ ಬಣ್ಣದಲ್ಲಿ ಮಾತ್ರ ಒಂದು ಕಣವೂ ಕೂರಲಿಲ್ಲ, ಅಬುಧಾಬಿಯಿಂದಲೂ ಕಾರುಗಳು ಬಂದವು. ಆಮೇಲೆ ಕೆಮ್ಮು ಬಂತು.

ಶ್ವಾಸಕೋಶ ಗಟ್ಟಿಯಾಗಿದೆ, ಇನ್ನು ಮೆತ್ತಗಾಗುವುದಿಲ್ಲ ಎಂದು ಡಾಕ್ಟರು ಈಚೆಗೆ ಹೇಳಿದರು. ದಿನವೂ ಅದನ್ನೇ ನೋಡುವ ನರ್ಸಿಗೆ ಡಾಕ್ಟರು ಹೇಳಬೇಕಾಗಿರಲಿಲ್ಲ. ನಾಡಿದ್ದು ಇವರು ಮಂಗಳೂರಿಗೆ ಹೋಗುತ್ತಾರೆ, ಅಕ್ಕನ ಮನೆಗೆ. ನಾನು ಇಲ್ಲೇ ಇರುತ್ತೇನೆ. ಔಷಧಿಗೆ ಯಾರಾದರೂ ದುಡಿಯಬೇಕಲ್ಲ. ಹೋಗುವ ಮೊದಲು ಗ್ಯಾರೇಜು ನೋಡಬೇಕು ಎಂದರು. ಕರೆದುಕೊಂಡು ಬಂದೆ.

ಕಾಫಿ ಅಂಗಡಿಯವರು ಬೆಸುಗೆ ಕತ್ತರಿಸಿ ಕಿಟಕಿಗಳನ್ನೆಲ್ಲ ಮತ್ತೆ ತೆರೆದಿದ್ದಾರೆ. ಚಳಿಗಾಲದ ಗಾಳಿ ಧಾರಾಳವಾಗಿ ಬರುತ್ತಿದೆ. ಇವರು ಮೇಜಿನ ಮೇಲೆ ಬೆರಳಾಡಿಸಿ, ಅಂಟಿದ ಮರಳನ್ನು ನನಗೆ ತೋರಿಸಿದರು. ಆಮೇಲೆ ಎದ್ದು ಕಿಟಕಿಯ ಕಡೆ ಹೊರಟರು, ಮುಚ್ಚಲಿಕ್ಕೆ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟಾದ ಮೇಲೂ ಈ ಮನುಷ್ಯನಿಗೆ ಮರಳಿನದೇ ಚಿಂತೆ.

ನಡುವೆ ಕಂಬ ಹಿಡಿದು ನಿಂತು ಸುಧಾರಿಸಿಕೊಂಡು, ಕಿಟಕಿ ಮುಟ್ಟಿದರು. ಹಿಡಿಯ ಮೇಲೆ ಕೈಯಿಟ್ಟರು. ಮುಚ್ಚಲಿಲ್ಲ. ಗಾಳಿಗೆ ಬಾಯಿ ತೆರೆದು ಹಾಗೇ ನಿಂತರು. ನಾನು ಹೋಗಿ ಬೆನ್ನಿಗೆ ಕೈಯಿಟ್ಟೆ. ಪಕ್ಕೆಲುಬುಗಳು ಏಳುತ್ತಿದ್ದವು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಇಲ್ಲಿ ಇಷ್ಟು ಗಾಳಿ ಇತ್ತಾ ಮಾರಾಯ್ತಿ?" ಎಂದು ಕೇಳಿದರು.

ಇತ್ತು ಎಂದೆ.