ಗುರುಮಲ್ಲಮ್ಮ ಕಾದು ಹೇಳಿದ ‘ಇದ್ದಾತು’

ಎರಡು ಸಾವಿರದ ಮೂರನೆಯ ಇಸವಿ. ಹರವೆಯ ಗುರುಮಲ್ಲಮ್ಮನ ಮಗಳು ಭವ್ಯಳನ್ನು ನೋಡಿಕೊಂಡು ಹೋದ ಉಮ್ಮತ್ತೂರಿನವರು ಒಪ್ಪಿದ್ದರು. ಮಾತು ಮುಗಿಸುವ ಮುಂಚೆ ಗಂಡಿನ ಚಿಕ್ಕಪ್ಪ ಪಕ್ಕದ ಮನೆಯ ಶಿವಮೂರ್ತಿಯನ್ನು ವಿಚಾರಿಸಿದ: “ಹುಡ್ಗೀಗೆ ಮೂರ್ಛೆ ಗೀರ್ಛೆ ಏನಾರ ಅದಾ?”

ಶಿವಮೂರ್ತಿ ಆ ಹುಡುಗಿಯನ್ನು ಹುಟ್ಟಿದಾಗಿನಿಂದ ಬಲ್ಲವನು. ಅವಳು ಜ್ವರವೆಂದು ಮಲಗಿದ್ದನ್ನೂ ಕಂಡವನಲ್ಲ. ಆದರೆ ಅವನ ಅಕ್ಕನ ಮಗನಿಗೆ ಕೇಳಿದಾಗ ಗುರುಮಲ್ಲಮ್ಮ ಹೆಣ್ಣು ಕೊಟ್ಟಿರಲಿಲ್ಲ. ಎಲೆಅಡಿಕೆ ಉಗಿದು “ಇದ್ದಾತು” ಅಂದ.

ಇರಬಹುದು ಅನ್ನುವುದಕ್ಕೆ ಆ ಕಡೆ ಹಾಗನ್ನುತ್ತಾರೆ. ಮಳೆ ಬರುತ್ತದಾ ಅಂದರೆ “ಬಂದಾತು”. ಯಾರಿಗೂ ನೋವಿಲ್ಲದ ಮಾತು. ಹೆಣ್ಣಿನ ವಿಷಯದಲ್ಲಿ ಮಾತ್ರ ಅದಕ್ಕೆ ಹೌದೆಂದೇ ಅರ್ಥ. ಉಮ್ಮತ್ತೂರಿನವರು ತಿರುಗಿ ಬರಲಿಲ್ಲ. ಸುದ್ದಿ ಹಬ್ಬಿ ಬೇರೆಯವರೂ ಬರಲಿಲ್ಲ. ಕೊನೆಗೆ ಭವ್ಯಳನ್ನು ಗುಂಡ್ಲುಪೇಟೆಯಲ್ಲಿ ಹೆಂಡತಿ ಸತ್ತವನೊಬ್ಬನಿಗೆ ಕೊಡಬೇಕಾಯಿತು.

ಗುರುಮಲ್ಲಮ್ಮ ಜಗಳವಾಡಲಿಲ್ಲ. ಐದು ವರ್ಷ ಕಾದಳು.

ಶಿವಮೂರ್ತಿಯ ಹೊಲದ ಬಾಂದುಕಲ್ಲು ಕಿತ್ತುಹೋಗಿತ್ತು. ಪಕ್ಕದ ಹೊಲದ ದೊಡ್ಡಯ್ಯ ಆರು ಗುಂಟೆ ತನ್ನದೆಂದ; ಕಲ್ಲು ಹುಣಸೆಮರದ ಬುಡದಲ್ಲೇ ಇತ್ತೆಂದ ಶಿವಮೂರ್ತಿ. ಅಳೆಯಲು ಸರ್ವೇಯರ್ ಬಂದ. ಕಲ್ಲು ನೆಟ್ಟಾಗ ಅಲ್ಲಿದ್ದವರಲ್ಲಿ ಉಳಿದವಳು ಗುರುಮಲ್ಲಮ್ಮ ಒಬ್ಬಳೇ.

“ಕಲ್ಲಿನ ಜಾಗ ಈ ಹುಣಸೆಮರದ ತಾವೇ ಅಲ್ವೇನಮ್ಮಾ?” ಎಂದು ಸರ್ವೇಯರ್ ಕೇಳಿದ.

ಅವಳು ಶಿವಮೂರ್ತಿಯ ಮುಖವನ್ನೇ ನೋಡುತ್ತ “ಇದ್ದಾತು” ಅಂದಳು.

“ಹಂಗಂದ್ರೆ ಬರ್ಕೊಳಕಾಗಲ್ಲ. ಹೌದಾ, ಅಲ್ವಾ?”

“ಇದ್ರೂ ಇದ್ದಾತು ಕಣಪ್ಪ.”

ಸರ್ವೇಯರ್ ಸೋಮವಾರ ಮತ್ತೆ ಬರುವೆನೆಂದು ಹೊರಟ. ಸಂಜೆ ಶಿವಮೂರ್ತಿ ಅವಳ ಜಗುಲಿಯ ಕೆಳಗೆ ಬಂದು ನಿಂತ. “ತಪ್ಪಾಯ್ತು ಕಣಕ್ಕ. ಮಗೀಗೆ ಏನೂ ಇರ್ನಿಲ್ಲ, ನಂಗೊತ್ತಿತ್ತು.”

“ನಂಗ್ಯಾಕಪ್ಪ ಯೋಳ್ತೀಯಾ? ಉಮ್ಮತ್ತೂರ್ಗೋಗಿ ಯೋಳು.”

ಮರುದಿನ ಅವನು ಬಸ್ಸು ಹತ್ತಿ ಹೋದ. ಆ ಗಂಡಿಗೆ ಆಗಲೇ ಎರಡು ಮಕ್ಕಳು. ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು, “ಈಗ್ ಯೋಳಕ್ ಬಂದಿದ್ದಯಲ್ಲ, ನಾಚ್ಕೆ ಆಗಲ್ವಲಾ” ಎಂದು ಬಾಗಿಲಿಂದಲೇ ಕಳಿಸಿದ.

“ಯೋಳ್ಬುಟ್ಟು ಬಂದೆ ಕಣಕ್ಕ,” ಅಂದ ಊರಿಗೆ ಮರಳಿದ ಶಿವಮೂರ್ತಿ.

“ಒಳ್ಳೇದಾಯ್ತು ಬುಡು,” ಅಂದಳು ಗುರುಮಲ್ಲಮ್ಮ.

ಸೋಮವಾರ ಬೆಳಗಿನ ಬಸ್ಸಿಗೇ ಅವಳು ಗುಂಡ್ಲುಪೇಟೆಗೆ ಹೋಗಿ ಮಗಳ ಮನೆಯಲ್ಲಿ ಮೂರು ದಿನ ಕೂತಳು. ಹೇಳುವವರಿಲ್ಲದೆ ಕಲ್ಲು ಹುಣಸೆಮರದಿಂದ ಈಚೆಗೆ, ಶಿವಮೂರ್ತಿಯ ಹೊಲದೊಳಗೆ ಬಿತ್ತು. ಆರು ಗುಂಟೆಯೂ ಮರವೂ ದೊಡ್ಡಯ್ಯನ ಪಾಲಾದವು.

“ಅಂಗ್ ಮಾಡ್ಬಾರ್ದಿತ್ತು ಕಣವ್ವ,” ಅಂದಳು ಸುದ್ದಿ ತಿಳಿದ ಭವ್ಯ.

ಗುರುಮಲ್ಲಮ್ಮ ಮೊರದಲ್ಲಿದ್ದ ಅವರೆಕಾಯಿ ಸುಲಿಯುತ್ತಲೇ ಇದ್ದಳು. ಆ ದಿನ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡು ಉಂಡಳು.