ಗಾಜಿನ ಹೆಂಚಿನ ಬೆಳಕು

ವಿಚಿತ್ರ ಅನುಭವಗಳ ಬರಹ ಕಂಡರೆ ಪುಟ ತಿರುಗಿಸಿ ಮುಂದೆ ಹೋಗುತ್ತಿದ್ದವಳು ನಾನು. ಬರೆದವರು ಸುಳ್ಳು ಹೇಳುತ್ತಾರೆಂದಲ್ಲ. ಭಯದಲ್ಲೋ ನಿದ್ದೆಗಣ್ಣಿನಲ್ಲೋ ಕಂಡದ್ದನ್ನು ಆಮೇಲೆ ನೆನಪು ತಿದ್ದಿ ಚಂದ ಮಾಡಿರುತ್ತದೆ ಎಂದು ನನ್ನ ಎಣಿಕೆಯಾಗಿತ್ತು. ನನಗಾದದ್ದು ಹಾಡುಹಗಲಿನಲ್ಲಿ, ಪೂರ್ತಿ ಎಚ್ಚರದಲ್ಲಿ. ಹೆದರಿಕೆಯೂ ಆಗಲಿಲ್ಲ, ಕುಣಿಯಬೇಕೆನ್ನುವಷ್ಟು ಸಂತೋಷವಾಗಿತ್ತು. ಮನೆಯವರಿಗೂ ಇದನ್ನು ನಾನು ಪೂರ್ತಿಯಾಗಿ ಹೇಳಿಲ್ಲ.

ಮೊದಲು ಒಂದು ಸಣ್ಣ ವಿಷಯ ತಿಳಿಸಬೇಕು. ಬುದ್ಧಿ ಬಂದಾಗಿನಿಂದ, ಮಲಗಿ ಕಣ್ಣು ಮುಚ್ಚಿದರೆ ನನಗೊಂದು ಬೆಳಕು ಕಾಣುತ್ತಿತ್ತು. ಮಣ್ಣಿನ ಗೋಡೆಯ ಮೇಲೆ ಅಂಗೈಯಗಲದ ಬಿಸಿಲು. ಅದರ ಕೆಳತುದಿ, ಬೈಹುಲ್ಲು ಸುತ್ತಿ ಕಟ್ಟಿದ ಒಂದು ಅಕ್ಕಿ ಮುಡಿಯ ಉಬ್ಬಿದ ಹೊಟ್ಟೆಯ ಮೇಲೆ ಬಾಗಿರುತ್ತಿತ್ತು. ನಡುವೆ ಓರೆಯಾಗಿ ಒಂದು ಕಪ್ಪು ಗೆರೆ. ಅದು ಬೆಳಕನ್ನು ಒಂದು ದೊಡ್ಡ, ಒಂದು ಸಣ್ಣ ತುಂಡಾಗಿ ಸೀಳಿರುತ್ತಿತ್ತು. ಅಷ್ಟೇ. ಸಾಲಿಗ್ರಾಮದ ಹತ್ತಿರದ ನಮ್ಮ ಮನೆಯಲ್ಲಾಗಲಿ, ವಂಡ್ಸೆಯ ಅಜ್ಜಿಮನೆಯಲ್ಲಾಗಲಿ ಅಂಥದೊಂದು ಜಾಗ ಇರಲಿಲ್ಲ. ಅಮ್ಮ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಸಾಕಿದ ಸೋದರತ್ತೆಯನ್ನು ಕೇಳಿದರೆ, “ಎಂತದೋ ಕನಸ್ ಹೆಣೆ, ಸುಮ್ನೆ ಮನಿಕೋ” ಎನ್ನುತ್ತಿದ್ದರು.

ನಡುವೆ ಕೆಲವು ವರ್ಷ ಓದು ನಿಂತು, ತಡವಾಗಿ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷ ಒಂದು ಸರಕಾರಿ ಕಾಲೇಜಿನ ಅಧ್ಯಾಪಕಿಯ ಕೆಲಸಕ್ಕೆ ಆಯ್ಕೆಯಾದೆ. ಆದರೆ ಶಾಲೆಯ ದಾಖಲೆಯ ಪ್ರಕಾರ ನನ್ನ ವಯಸ್ಸು ಮಿತಿಯನ್ನು ದಾಟಿತ್ತು. ಪಕ್ಕದ ಮನೆಯ ದೊಡ್ಡ ಹುಡುಗಿಯ ಜೊತೆ ಗದ್ದೆಯಂಚಿನಲ್ಲಿ ನಡೆದುಹೋಗಲಿ ಎಂದು ಅತ್ತೆ ನನಗೆ ಒಂದು ವರ್ಷ ಹೆಚ್ಚು ಹೇಳಿ ಶಾಲೆಗೆ ಸೇರಿಸಿದ್ದರು. ಜನನ ದಾಖಲೆಯ ದೃಢೀಕೃತ ನಕಲು ತಂದರೆ ಪರಿಶೀಲಿಸುತ್ತೇವೆ ಎಂದು ಮೇಲಿನಿಂದ ಉತ್ತರ ಬಂತು, ಗಡುವಿನ ಸಮೇತ. ಈ ಕೆಲಸ ತಪ್ಪಿದರೆ ಬೊಂಬಾಯಿಯ ಒಂದು ಸಂಬಂಧಕ್ಕೆ ಒಪ್ಪುತ್ತೇನೆಂದು ನಾನೇ ಅಪ್ಪಯ್ಯನಿಗೆ ಮಾತು ಕೊಟ್ಟಿದ್ದೆ. ಹುಡುಗನ ಬಗ್ಗೆ ಹೇಳುವಂಥ ದೂರೇನೂ ಇರಲಿಲ್ಲ. ನನಗೆ ಮಾತ್ರ ಕಪ್ಪು ಹಲಗೆಯ ಮುಂದೆ ನಿಲ್ಲಬೇಕಿತ್ತು.

ನಾನು ಹುಟ್ಟಿದ್ದೆಲ್ಲಿ ಎಂದು ಅಪ್ಪಯ್ಯನನ್ನು ಕೇಳಿದೆ. ನಾನು ಹುಟ್ಟುವಾಗ ಅವರು ಬೊಂಬಾಯಿಯ ಹೋಟೆಲಿನಲ್ಲಿದ್ದರು.

“ಎಂತ ಪ್ರಶ್ನೆ ಅದ್? ಚೊಚ್ಚಲ್ ಹೆರ್ಗಿ ತಾಯಿಮನಿಯಗೇ ಅಲ್ದಾ? ವಂಡ್ಸಿಯಗೆ!”

ಕುಂದಾಪುರದ ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ವಂಡ್ಸೆಯ ಪುಸ್ತಕ ತೆಗೆಸಿದೆ. ಆಗ ಮಗುವಿನ ಹೆಸರು ಬರೆಯುತ್ತಿರಲಿಲ್ಲ. ಗಂಡೋ ಹೆಣ್ಣೋ, ತಂದೆತಾಯಿ ಯಾರು, ಅಷ್ಟೇ. ಗುಮಾಸ್ತರು ಆ ವರ್ಷವನ್ನೂ ಅದರ ಹಿಂದುಮುಂದನ್ನೂ ತಾಳ್ಮೆಯಿಂದ ಹುಡುಕಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಹ್ವಾಯ್, ನೀವ್ ಹುಟ್ಟಿದ್ದ್ ಖರೆಯಾ? ನಮ್ ಪುಸ್ತಕ್‌ದಗೆ ನೀವ್ ಹುಟ್ಲೇ ಇಲ್ಲೆ.”

ಸುತ್ತ ಕುಳಿತವರು ನಕ್ಕರು. ನನಗೆ ನಗು ಬರಲಿಲ್ಲ. ಬೇರೆ ಗ್ರಾಮವಿದ್ದರೆ ಅದರ ಹೆಸರು ತಿಳಿದು ಬನ್ನಿ ಎಂದು ಅವರು ಸಮಾಧಾನ ಹೇಳಿದರು. ವಂಡ್ಸೆಯ ಮಾವನನ್ನು ವಿಚಾರಿಸೋಣವೆಂದು ಬಸ್ಸು ಹತ್ತಿದೆ.

ದಾರಿಯಲ್ಲಿ ಒಂದು ಸೇತುವೆ ದಾಟುವ ಮೊದಲು ಬಸ್ಸಿನ ಟಯರು ಹೋಯಿತು. ಬಸ್ಸು ಅಲ್ಲೇ ನಿಂತದ್ದನ್ನು ನಾನು ವಿಚಿತ್ರದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಸ್ಸುಗಳು ಎಲ್ಲೆಂದರಲ್ಲಿ ನಿಲ್ಲುತ್ತವೆ. ಮಳೆಗಾಲ ಮುಗಿದ ಹೊಸ ಬಿಸಿಲು ಚುರುಗುಟ್ಟುತ್ತಿತ್ತು. ಹೊಳೆಯ ಬದಿಯಲ್ಲಿ ಒಂದು ಸಣ್ಣ ಮನೆ. ಸೇತುವೆ ಬರುವ ಮುಂಚೆ ಅಲ್ಲಿ ದೋಣಿಯ ಕಡವು ಇತ್ತಂತೆ. ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ಅಜ್ಜಿ ಕರೆದರು.

“ಬಿಸ್ಲಗೆ ಎಂತಕ್ಕ್ ನಿಂತದ್ದ್? ಒಳಗ್ ಬಾ ಹೆಣೆ, ಬೆಲ್ಲ ನೀರ್ ಕುಡಿ.”

ಬಾಗಿಲು ದಾಟಿದೆ. ಒಳಕೋಣೆ ಕತ್ತಲಾಗಿತ್ತು. ಎದುರಿನ ಮಣ್ಣಿನ ಗೋಡೆಯ ಮೇಲೆ, ಅಕ್ಕಿ ಮುಡಿಯ ಹೊಟ್ಟೆಯ ಮೇಲೆ ಬಾಗಿಕೊಂಡು, ಓರೆ ಗೆರೆಯಿಂದ ಸೀಳಿಕೊಂಡು ನನ್ನ ಬೆಳಕು ಕುಳಿತಿತ್ತು.

ಹಾಗೆ ಕಂಡಿತು ಎಂದಲ್ಲ, ಅದೇ. ನನ್ನ ಕೈಬರಹದ ಗುರುತು ನನಗೆ ಹೇಗೆ ಸಿಗುತ್ತದೋ ಹಾಗೆ ಸಿಕ್ಕಿತು. ತಲೆಯೆತ್ತಿದರೆ ಮಾಡಿನಲ್ಲಿ ಒಂದು ಗಾಜಿನ ಹೆಂಚು. ಅದು ಒಡೆದಲ್ಲಿ ಡಾಮರು ಮೆತ್ತಿದ್ದರು; ಆ ಡಾಮರಿನ ನೆರಳೇ ಗೆರೆ.

ಅಜ್ಜಿ ಚೊಂಬು ತಂದು ಕೈಗಿಟ್ಟು ಎಲ್ಲಿಗೆ, ಯಾರ ಮನೆಗೆ ಎಂದು ವಿಚಾರಿಸಿದರು. ವಂಡ್ಸೆಯ ಗುಡ್ಡೆಮನೆ ಎಂದೆ. ಅಮ್ಮನ ಹೆಸರು ಹೇಳಿದೆ. ಅವರು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

“ಅಯ್ಯೋ ಮಗಾ, ನೀನಾ? ಆ ದಿನ ಹೊಳಿ ಏರಿ ದೋಣಿ ಬಿಡುಕಾಯ್ಲಿಲ್ಲ. ತಾಯಿಮನಿಗ್ ಹೊರಟ ನಿನ್ ಅಮ್ಮಂಗೆ ಇಲ್ಲೇ ಬೇನಿ ಸುರು ಆಯ್ತ್. ಈ ಕೋಣಿಯಗೇ ನೀನ್ ಹುಟ್ಟಿದ್ದ್. ನಮ್ಮನಿಯೋರೇ ಪಟೇಲ್ರ ಹತ್ರ ಹೋಯಿ ನೀನ್ ಹುಟ್ಟಿದ್ದ್ ಬರ್ಸಿ ಬಂದದ್ದ್. ಹೊಳಿ ಇಳ್ದ್ ಮೇಲೆ ನಿಮ್ಮನ್ ದಾಟ್ಸದ್ದೂ ಅವ್ರೇ.”

ದಾರಿಯಲ್ಲಿ, ದೋಣಿಯವರ ಮನೆಯಲ್ಲಿ ಮಗಳು ಹೆತ್ತಳೆಂದು ಹೇಳಿಕೊಳ್ಳುವುದು ವಂಡ್ಸೆಯ ನಮ್ಮ ಅಜ್ಜಿಗೆ ಬೇಡವಾಗಿರಬೇಕು. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಎಂಬುದು ಎಷ್ಟು ಗಟ್ಟಿಯೆಂದರೆ ಮತ್ತೆ ಯಾರೂ ಕೇಳಲೇ ಇಲ್ಲ.

ಅಂದು ನಾನು ವಂಡ್ಸೆಗೆ ಹೋಗಲಿಲ್ಲ. ಅಜ್ಜಿ ಹೇಳಿದ ಆ ಗ್ರಾಮದ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ, ಸೀರೆಯ ನೆರಿಗೆ ಎತ್ತಿ ಹಿಡಿದು ರಸ್ತೆಗೆ ಓಡಿ, ಎದುರಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದೆ. ಹಾಗೆ ಓಡಿದ್ದು ನನಗೇ ಹೊಸದು. ಕಚೇರಿ ಮುಚ್ಚುವ ಮೊದಲು ಗುಮಾಸ್ತರ ಮುಂದೆ ನಿಂತೆ. ಆ ಗ್ರಾಮದ ಪುಸ್ತಕ ಬಂತು. ಅವರ ಬೆರಳು ಇಳಿಯುತ್ತಾ ಹೋಗಿ ಒಂದು ಕಡೆ ನಿಂತಿತು.

“ಇಕಣಿ, ಹುಟ್ಟಿದ್ರಿ! ಇನ್ನ್ ಹೆದ್ರುದ್ ಬ್ಯಾಡ, ಚಾ ಕುಡ್ಸಿ.”

ಅಪ್ಪಯ್ಯನ ಹೆಸರು, ಅಮ್ಮನ ಹೆಸರು, ಹೆಣ್ಣು. ಶಾಲೆಯವರು ಬರೆದದ್ದಕ್ಕಿಂತ ಒಂದು ವರ್ಷ ಈಚಿನ ತಾರೀಕು. ಮುದ್ರೆ ಬಿದ್ದ ನಕಲು ಗಡುವಿನೊಳಗೆ ಸಿಕ್ಕಿತು. ಕೆಲಸವೂ ಸಿಕ್ಕಿತು. ಬೊಂಬಾಯಿಯವರಿಗೆ ಅಪ್ಪಯ್ಯ ತಾವೇ ಕಾಗದ ಬರೆದರು.

ಆ ದಿನಗಳಲ್ಲಿ ನನಗೆ ಕೆಲಸಕ್ಕಿಂತ ಹೆಚ್ಚಿನ ಉಮೇದು ತಂದದ್ದು ಬೆಳಕಿನ ಲೆಕ್ಕ. ಹುಟ್ಟಿದ ಕೂಸು ಕಂಡದ್ದು ನೆನಪಿರುವುದಿಲ್ಲ ಎನ್ನುತ್ತಾರಲ್ಲ, ಅದು ತಪ್ಪು. ನಾನೇ ಅದಕ್ಕೆ ಸಾಕ್ಷಿ ಎಂದು ಹಿಗ್ಗಿದೆ. ಮೊದಲ ಸಂಬಳ ಬಂದಾಗ ಹೊಳೆಬದಿಯ ಅಜ್ಜಿಗೊಂದು ಸೀರೆ ತೆಗೆದುಕೊಂಡು ಹೋದೆ. ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಹುಟ್ಟಿದಾಗ ಆ ಗಾಜಿನ ಹೆಂಚಿನ ಬೆಳಕನ್ನು ನೋಡುತ್ತಾ ಮಲಗಿದ್ದೆನಲ್ಲ, ಅದು ಇಷ್ಟು ವರ್ಷ ನನ್ನ ಕಣ್ಣಲ್ಲೇ ಇತ್ತು, ಒಡಕಿನ ಗೆರೆಯೂ ಸೇರಿ, ಎಂದೆ.

ಅಜ್ಜಿ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಜೋರಾಗಿ ನಕ್ಕರು.

“ಎಂತ ಹೇಳ್ತೆ ಮಾರಾಯ್ತಿ! ನೀನ್ ಹುಟ್ಟೊತ್ತಿಗೆ ನಮ್ಗ್ ಹೆಂಚ್ ಎಲ್ಲಿತ್? ಹುಲ್ಲಿನ್ ಮಾಡ್ ಅಲ್ದಾ? ಹೆಂಚ್ ಹಾಕದ್ದ್ ಹ್ವಾದ್ ವರ್ಷ, ಮಗ ಬೊಂಬಾಯಿಂದ ದುಡ್ಡ್ ಕಳ್ಸಿ. ಗಾಜ್ ಒಡ್ದದ್ದ್ ನೀನ್ ಬಪ್ಪುಕ್ ಮುಂಚಿನ್ ಮಳಿಗಾಲ್‌ದಗೆ, ತೆಂಗಿನ್‌ಕಾಯಿ ಬಿದ್ದ್.”

ನಾನು ಮೇಲೆ ನೋಡಿದೆ. ಹೆಂಚುಗಳು ಇನ್ನೂ ಕೆಂಪಗೆ ಹೊಸದಾಗಿದ್ದವು. ಮೊದಲ ಸಲ ಬಂದಾಗ ಅದನ್ನು ಗಮನಿಸಿಯೇ ಇರಲಿಲ್ಲ.

ಹಾಗಾದರೆ ಸಣ್ಣವಳಿದ್ದಾಗ ನಾನು ಕಾಣುತ್ತಿದ್ದದ್ದು ಏನು? ಇನ್ನೂ ಇಡದ ಹೆಂಚಿನಿಂದ, ಇನ್ನೂ ಬೀಳದ ತೆಂಗಿನಕಾಯಿಯ ಗೆರೆ ಹೊತ್ತು ಬಂದ ಬಿಸಿಲೇ? ಆ ದಿನ ಗೋಡೆ ನೋಡಿ ನನ್ನ ಮನಸ್ಸೇ ಹಳೆಯದನ್ನು ತಿದ್ದಿತೆಂದು ಹೇಳಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಬೇರೆಯವರಿಗೆ ಹೀಗಾಗಿದ್ದರೆ ನಾನು ಹೇಳುತ್ತಿದ್ದದ್ದೂ ಅದನ್ನೇ. ಆದರೆ ಅತ್ತೆಗೆ ನಾನು ಚಿಕ್ಕಂದಿನಲ್ಲಿ ಕೇಳಿದ್ದು ನೆನಪಿದೆ. “ಕರಿ ಗೆರಿ ಕರಿ ಗೆರಿ ಅಂದ್ಕಂಡ್ ತಲಿ ತಿಂದಿದ್ದೆ” ಎಂದು ಈಗಲೂ ತಮಾಷೆ ಮಾಡುತ್ತಾರೆ.

ಇನ್ನೊಂದು ಮಾತು. ಆ ಕೋಣೆಯ ಬಾಗಿಲು ದಾಟಿದ ದಿನದಿಂದ, ಕಣ್ಣು ಮುಚ್ಚಿದರೆ ಆ ಬೆಳಕು ಬರುವುದಿಲ್ಲ. ಎಷ್ಟು ಹೊತ್ತು ಕಾದರೂ ಎಲ್ಲರಿಗೂ ಕಾಣುವ ಕತ್ತಲೆಯೇ ಕಾಣುತ್ತದೆ.