ಪರದೆಯಲ್ಲಿಲ್ಲದ ಕಲ್ಲು

ವಾಸು ಮಾಮ, ಆ ಕಲ್ಲನ್ನು ಮರೆತವರು ನೀವಲ್ಲ. ನೀವು ಅದನ್ನು ಗುರುತು ಮಾಡಿ ಇಟ್ಟಿದ್ದಿರಿ. ಅಳಿಸಿದವನು ನಾನು. ಅಳಿಸಿದ ಮೇಲೆ, ಎಲ್ಲವೂ ಉಂಟು ಎಂದು ನಿಮ್ಮೆದುರು ನಿಂತು ಹೇಳಿದವನೂ ನಾನೇ.

ಕಾಪುವಿಗೆ ಬಂದಾಗಲೆಲ್ಲ ಈ ಮಾತು ನಾಲಿಗೆಯ ತುದಿಯವರೆಗೆ ಬಂದಿದೆ. ನೀವು ಚಹಾ ಕುಡಿಯಲು ಹೇಳುತ್ತೀರಿ, ಮಕ್ಕಳ ಓದಿನ ಬಗ್ಗೆ ಕೇಳುತ್ತೀರಿ — ನಾನು ಅದನ್ನು ನುಂಗಿಕೊಂಡು ಕಾರ್ಕಳದ ಬಸ್ಸು ಹತ್ತುತ್ತೇನೆ. ಆದ್ದರಿಂದ ಬರೆಯುತ್ತಿದ್ದೇನೆ. ಬೇರೆಯವರೂ ಓದಬಹುದು; ನಿಮಗೆ ಗೊತ್ತಿರುವುದನ್ನೂ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ, ಸಹಿಸಿಕೊಳ್ಳಿ.

ನಿಮ್ಮ ಮಗ ದಿನೇಶ ಮತ್ತು ನಾನು ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಾಲ, ಹೊಸ ಶತಮಾನದ ಮೊದಲ ವರ್ಷಗಳು. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಅಂಗಡಿಯವರು ಕಳ್ಳ ಪ್ರತಿಯಿಂದ ಹಾಕಿಕೊಟ್ಟ ವಿಂಡೋಸ್ ಇತ್ತು. ವೈರಸ್ ಹಿಡಿದು ಅದು ಆಗಾಗ ಮುಷ್ಕರ ಹೂಡುತ್ತಿತ್ತು. ನನಗಾದರೋ ವಿಂಡೋಸಿನ ಬದಲು ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಲಿನಕ್ಸಿನ ಹುಚ್ಚು. ಪತ್ರಿಕೆಯೊಂದರ ಜೊತೆ ಬಂದ ಸೀಡಿಯನ್ನು ಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು — ಇದನ್ನು ವಿವರಿಸುವಾಗ ನನ್ನ ದನಿ ತಾನಾಗಿ ಏರುತ್ತಿತ್ತು. ದಿನೇಶ ನನ್ನನ್ನು 'ಲಿನಕ್ಸ್ ಸ್ವಾಮಿಗಳು' ಎಂದು ಕರೆಯುತ್ತಿದ್ದ. ಗೆಳೆಯರ ಮನೆಗಳಿಗೆ ಹೋಗಿ ಅದನ್ನು ಹಾಕಿಕೊಡುವುದೆಂದರೆ ನನಗೆ ದೀಕ್ಷೆ ಕೊಟ್ಟಷ್ಟೇ ಹೆಮ್ಮೆ.

ಬೋಟುಗಳೆಲ್ಲ ದಡ ಹತ್ತಿದ್ದ ಮಳೆಗಾಲದಲ್ಲಿ ನಿಮ್ಮ ಮನೆಗೂ ಬಂದೆ. ದಿನೇಶ ತನ್ನ ಅಮ್ಮನನ್ನು, ನಾನು ಕರೆಯುವಂತೆ ಅತ್ತೆಯನ್ನು, ಶಂಕರಪುರದ ನೆಂಟರ ಮನೆಗೆ ಬಿಟ್ಟು ಬರಲು ಹೊರಟವನು ಬಾಗಿಲಲ್ಲಿ ನಿಂತು ಹೇಳಿದ್ದ: "ವಿಂಡೋಸ್ ತೆಗೀಬೇಡ ಮಾರಾಯ. ಅದೂ ಇರಲಿ, ಇದನ್ನು ಪಕ್ಕದಲ್ಲಿ ಹಾಕು."

ಪಕ್ಕದಲ್ಲಿ ಹಾಕಬಹುದಿತ್ತು. ಪರದೆ ಅದನ್ನೇ ಕೇಳಿತು — ಇರುವುದನ್ನು ಉಳಿಸಿಕೊಂಡು ಜಾಗ ಮಾಡಲೇ, ಎಲ್ಲವನ್ನೂ ಅಳಿಸಿ ಇಡೀ ಡಿಸ್ಕನ್ನು ಬಳಸಲೇ? ಹಳೆಯದು ಉಳಿದರೆ ಇವರು ಒಂದೇ ವಾರದಲ್ಲಿ ಅದಕ್ಕೇ ಮರಳುತ್ತಾರೆ ಎಂದುಕೊಂಡೆ. ಕಣ್ಣಿಗೆ ಕಂಡ ಫೋಟೊ, ಪಾಠದ ಕಡತಗಳನ್ನು ಒಂದು ಸೀಡಿಗೆ ತುಂಬಿಕೊಂಡೆ. ಇಡೀ ಡಿಸ್ಕ್ ಎಂದು ಒತ್ತಿದೆ. ಕೈ ತಪ್ಪಿ ಆದದ್ದಲ್ಲ ಮಾಮ. ಓದಿ, ಅರ್ಥಮಾಡಿಕೊಂಡು ಒತ್ತಿದೆ. ಇನ್ನೂ ಹೇಳಬೇಕೆಂದರೆ — ಕಾರ್ಕಳದ ನನ್ನ ಮನೆಯ ಕಂಪ್ಯೂಟರಿನಲ್ಲಿ ಎರಡನ್ನೂ ಇಟ್ಟುಕೊಂಡಿದ್ದೆ.

ದಿನೇಶ ಮರಳಿ ಬಂದು ಹೊಸ ಪರದೆಯನ್ನು ನೋಡಿ ನಕ್ಕ. ಆಮೇಲೆ ದನಿ ತಗ್ಗಿಸಿ, ಅಪ್ಪನ ಪಾಯಿಂಟುಗಳು ವಿಂಡೋಸಿನ ಒಂದು ಫೋಲ್ಡರಿನ ಒಳಗೆ, ಯಾರಿಗೂ ಸಂಶಯ ಬಾರದ ಹೆಸರಿನಲ್ಲಿ ಉಂಟು, ಅದು ಭದ್ರ ಅಲ್ವಾ ಎಂದ.

ನಿಮ್ಮಂತೆ ಮೀನು ಹಿಡಿಯುವ ಬೋಟು ನಡೆಸುವ ತಾಂಡೇಲನಿಗೆ ಪಾಯಿಂಟು ಎಂದರೇನೆಂದು ನನಗೆ ಆಗಲೇ ಗೊತ್ತಿತ್ತು. ಮೀನು ಸಿಗುವ ಜಾಗ, ಬಲೆ ಸಿಕ್ಕಿಹಾಕಿಕೊಳ್ಳುವ ನೀರೊಳಗಿನ ಕಲ್ಲು — ಒಂದೊಂದನ್ನೂ ಬಲೆ ಹರಿದುಕೊಂಡು ಕಲಿತು, ಜಿಪಿಎಸ್ಸಿನಲ್ಲಿ ಗುರುತು ಹಾಕಿ, ತಮ್ಮನಿಗೂ ಹೇಳದೆ ಇಟ್ಟುಕೊಳ್ಳುವಂಥದ್ದು. ಮಳೆಗಾಲದಲ್ಲಿ ಆ ಜಿಪಿಎಸ್ ಯಂತ್ರ ರಿಪೇರಿಗೆ ಹೋಗುವಾಗ, ಅಂಗಡಿಯಲ್ಲಿ ಯಾರೂ ಕದಿಯಬಾರದೆಂದು ಎಲ್ಲವನ್ನೂ ಅಳಿಸಿಯೇ ಕೊಡುತ್ತಿದ್ದಿರಿ. ಉಳಿಯುತ್ತಿದ್ದುದು ಕಂಪ್ಯೂಟರಿನಲ್ಲಿದ್ದ ಆ ಒಂದೇ ಪ್ರತಿ.

ಆಗ ಹೇಳಬಹುದಿತ್ತು. ಹೋಯಿತು ಎಂಬ ಒಂದು ಪದ. ನನ್ನ ಬಾಯಿಂದ ಬಂದದ್ದು ಬೇರೆ — ವೈರಸ್ ಬಹಳ ಇತ್ತು, ವಿಂಡೋಸ್ ತೆಗೆಯಲೇಬೇಕಾಯಿತು, ನಿನ್ನ ಫೈಲನ್ನು ಮೊದಲೇ ತೆಗೆದಿಟ್ಟಿದ್ದೇನೆ, ಯಂತ್ರ ಕೊಡು, ನಮ್ಮ ಮನೆಯಿಂದಲೇ ತುಂಬಿಸಿ ತರುತ್ತೇನೆ.

ನನ್ನಲ್ಲಿ ಒಂದು ಪ್ರತಿ ಇತ್ತು, ನಿಜ. ಎರಡು ಮಳೆಗಾಲದ ಹಿಂದೆ, ಕೇಬಲ್ ಸರಿ ಇದೆಯೋ ನೋಡಲು ದಿನೇಶ ನಮ್ಮ ಮನೆಗೆ ಯಂತ್ರ ತಂದಿದ್ದಾಗ ನನ್ನ ಕಂಪ್ಯೂಟರಿನಲ್ಲಿ ಉಳಿದದ್ದು. ಅವನು ಮರೆತಿದ್ದ. ಅದರ ನಂತರ ನೀವು ಕಂಡುಕೊಂಡ ಒಂದು ಕಲ್ಲೂ ಅದರಲ್ಲಿರಲಿಲ್ಲ. ಅದನ್ನೇ ತುಂಬಿಸಿದೆ. ಎರಡು ವರ್ಷದಲ್ಲಿ ಅಂಥ ದೊಡ್ಡ ವ್ಯತ್ಯಾಸ ಏನಾಗಿರುತ್ತದೆ ಎಂದು ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ನೀವು ಜಗಲಿಯಲ್ಲಿ ಯಂತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕೇಳಿದಿರಿ: "ಎಲ್ಲ ಉಂಟಲ್ಲ?"

"ಎಲ್ಲ ಉಂಟು ಮಾಮ. ಒಂದೂ ಹೋಗಲಿಲ್ಲ."

ನಿಮಗೆಷ್ಟು ಸಂತೋಷವಾಯಿತೆಂದರೆ, ಮಳೆಗಾಲ ಮುಗಿದು ಬೋಟು ಇಳಿದಾಗ ಮೊದಲ ಸಲಕ್ಕೆ ನನ್ನನ್ನೂ ಮಲ್ಪೆಯಿಂದ ಹತ್ತಿಸಿಕೊಂಡಿರಿ. ಪಾಯಿಂಟು ಉಳಿಸಿಕೊಟ್ಟವನು ಇವನೇ ಎಂದು ಎಲ್ಲರಿಗೂ ಹೇಳಿದಿರಿ. "ಕಾರ್ಕಳದವನಲ್ವಾ, ಕಲ್ಲು ನೋಡಿಯೇ ಬೆಳೆದವ. ನಮ್ಮ ಕಲ್ಲು ಕಣ್ಣಿಗೆ ಕಾಣುವುದಿಲ್ಲ ಮಾರಾಯ" ಎಂದು ನಗಿಸಿದಿರಿ. ನಾನೂ ನಕ್ಕೆ. ನಕ್ಕೆನಲ್ಲ —

ಹೊಟ್ಟೆ ತೊಳಸಿ ನಾನು ಮೂಲೆ ಹಿಡಿದಾಗ ಹತ್ತಿರ ಬಂದವನು ಯಮನೂರಪ್ಪ. ಕೊಪ್ಪಳದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ನಿಮ್ಮ ಬೋಟು ಸೇರಿದವನು. ಒಂದು ಲಿಂಬೆಹಣ್ಣನ್ನು ನನ್ನ ಅಂಗೈಗೆ ಒತ್ತಿದ. "ಇದರ ವಾಸನಿ ತಗೊಳ್ರಿ. ನಂಗೂ ಮೊದಲ ಹಿಂಗ ಆಗತಿತ್ರಿ. ಸಮುದ್ರಂದ್ರ ಕೆರಿ ಅನ್ಕೊಂಡು ಬಂದಿದ್ದೆ." ಅವನ ಬಲಗೈ. ಅದು ಇಡಿಯಾಗಿದ್ದಾಗ ನಾನು ನೋಡಿದ್ದು ಅಷ್ಟೇ.

ಬಲೆ ಎಳೆಯುತ್ತಿದ್ದೆವು. ನೀವು ಪರದೆ ನೋಡಿದಿರಿ; ಮುಂದೆ ಗುರುತು ಏನೂ ಇರಲಿಲ್ಲ; ಹಾಗೇ ಹೋದಿರಿ. ಇದ್ದಕ್ಕಿದ್ದಂತೆ ಬೋಟು ಹಿಂದಿನಿಂದ ಯಾರೋ ಹಿಡಿದು ಜಗ್ಗಿದ ಹಾಗೆ ನಿಂತಿತು; ಬಲೆ ನೀರೊಳಗಿನ ಕಲ್ಲಿಗೆ ಸಿಕ್ಕಿತ್ತು. ಹಿಂಭಾಗ ಕೆಳಗಿಳಿಯಿತು, ನೀರು ಒಳಗೆ ನುಗ್ಗಿತು, ಬುಟ್ಟಿಗಳು ತೇಲಿದವು. ಒಂದು ಅಲೆ ಇನ್ನು ಸ್ವಲ್ಪ ದೊಡ್ಡದಿದ್ದರೆ — ಈ ವಾಕ್ಯವನ್ನು ನಾನು ಒಮ್ಮೆಯೂ ಮುಗಿಸಿಲ್ಲ. ನೀವು ಎಂಜಿನ್ ತಗ್ಗಿಸಿದಿರಿ. ಯಮನೂರಪ್ಪ ಬಲೆಯ ರೋಪು ಸಡಿಲಿಸಲು, ಅದನ್ನು ಸುತ್ತಿಕೊಳ್ಳುವ ವಿಂಚಿನ ಕಡೆ ಓಡಿದ. ಬಿಗಿದ ಉಕ್ಕಿನ ರೋಪು ಒಮ್ಮೆ ಅದುರಿ, ಅವನ ಕೈಯನ್ನು ಒಳಗೆ ಎಳೆದುಕೊಂಡು, ಆಮೇಲೆ ತುಂಡಾಯಿತು. ಬೋಟು ನೆಟ್ಟಗಾಯಿತು. ಯಮನೂರಪ್ಪ ಕೈಯನ್ನು ನೋಡುತ್ತ ಕುಳಿತ.

ನನಗೆ ಮತ್ತೆ ಮತ್ತೆ ಕಾಣುವುದು ರಕ್ತವಲ್ಲ. ದಡಕ್ಕೆ ಬೋಟು ತಿರುಗಿಸುವ ಮೊದಲು ನೀವು ಒದ್ದೆ ಅಂಗೈಯಿಂದ ಜಿಪಿಎಸ್ಸಿನ ಗಾಜನ್ನು ಒರೆಸಿದಿರಿ. ಮತ್ತೊಮ್ಮೆ ಒರೆಸಿದಿರಿ. ನೀರ ಹನಿಯ ಅಡಿಯಲ್ಲಿ ಗುರುತು ಮುಚ್ಚಿಹೋಗಿದೆಯೇನೋ ಎಂಬಂತೆ. "ಇಲ್ಲಿ ಹಾಕಿದ್ದೆ. ಹೋದ ವರ್ಷ ಇಲ್ಲಿಯೇ ಬಲೆ ಹೋಗಿತ್ತು, ಹಾಕಿದ್ದೆನಲ್ಲ" ಎಂದಿರಿ. ಆಮೇಲೆ ಬಹಳ ಮೆಲ್ಲಗೆ: "ಹಾಕಲಿಲ್ಲವೋ ಏನೋ."

ನಾನು ನಿಮ್ಮ ಬೆನ್ನ ಹಿಂದೆಯೇ ಇದ್ದೆ. ಕೈಯಲ್ಲಿ ಲಿಂಬೆಹಣ್ಣು ಇನ್ನೂ ಇತ್ತು.

ಉಡುಪಿಯ ಆಸ್ಪತ್ರೆಯಲ್ಲಿ ಅವನ ಬೆರಳುಗಳನ್ನು ತೆಗೆದರು. ಅವನು ಊರಿಗೆ ಹೋದ. ಎಲ್ಲಿದ್ದಾನೋ ನನಗೆ ತಿಳಿಯದು. ತಿಳಿದುಕೊಳ್ಳಲು ನಾನು ಪ್ರಯತ್ನ ಪಡಲಿಲ್ಲ ಎನ್ನುವುದೂ ಇದರಲ್ಲಿ ಸೇರಬೇಕು. ನೀವು ಬೋಟು ನಡೆಸುವುದನ್ನು ಬಿಟ್ಟಿರಿ. ಬುದ್ಧಿ ಕೈಕೊಡುತ್ತಿದೆ, ನನ್ನನ್ನು ನಂಬಿ ಜನ ಹತ್ತಬಾರದು ಎಂದಿರಿ. ದಿನೇಶ ಎಷ್ಟು ಹೇಳಿದರೂ ಕೇಳಲಿಲ್ಲ. ಯಾರೂ ಸಾಯಲಿಲ್ಲವಲ್ಲ ಎಂದು ಬಹಳ ಕಾಲ ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಕಳೆದ ಬಾರಿ ಬಂದಾಗ ಕಂಡೆ — ನೀವು ಗ್ಯಾಸ್ ಆರಿಸಿ ಬಂದು ಕುಳಿತವರು ಅತ್ತೆಯನ್ನು ಕರೆದು, ನಾನು ಆರಿಸಿದೆನಾ ನೋಡು ಎಂದಿರಿ. ಅವರು ನೋಡಿ ಬಂದು ಆರಿಸಿದ್ದೀರಿ ಎಂದರು. ನೀವು ನಂಬಲಿಲ್ಲ. ಎದ್ದು ಹೋಗಿ ನೋಡಿದಿರಿ. ಅತ್ತೆ ನನ್ನ ಕಡೆ ತಿರುಗಿ, ಆ ಕಲ್ಲಿನ ನಂತರ ಇವರು ಹೀಗೆಯೇ ಎಂದರು.

ಆ ನೆನಪು ಸರಿಯಾಗಿಯೇ ಇತ್ತು ಮಾಮ. ಅದನ್ನು ನಿಮ್ಮಿಂದ ಕಿತ್ತುಕೊಂಡವನು ನಾನು, ಅದೂ ಉಪಕಾರ ಮಾಡಿದವನೆಂದು ಹೊಗಳಿಸಿಕೊಂಡು.

ಭಾನುವಾರ ಬರುತ್ತೇನೆ. ಯಮನೂರಪ್ಪನ ಊರು ಯಾವುದೆಂದು ಹೇಳಿ, ಅಲ್ಲಿಗೂ ಹೋಗುತ್ತೇನೆ. ಈ ಬರಹವನ್ನು ನಿಮ್ಮ ಕೈಗೆ ಕೊಟ್ಟು ಮುಖ ತಗ್ಗಿಸಿ ನಿಲ್ಲುವುದಿಲ್ಲ, ಬಾಯಿಬಿಟ್ಟು ಹೇಳುತ್ತೇನೆ. ದಿನೇಶನೂ ಇರಲಿ. ಅತ್ತೆ ಮಾತ್ರ ಖಂಡಿತ ಇರಬೇಕು. ನೀವು ಆ ಗುರುತು ಹಾಕಿದ್ದಿರಿ ಎಂದು ಅವರೂ ಕೇಳಿಸಿಕೊಳ್ಳಬೇಕು — ನಾಳೆ ನಿಮಗೆ ಮತ್ತೆ ಸಂಶಯ ಬಂದರೆ, ಹೌದು, ಹಾಕಿದ್ದಿರಿ ಎಂದು ಹೇಳಲು ಮನೆಯಲ್ಲಿ ಒಬ್ಬರಾದರೂ ಇರಬೇಕು.